ಓಟಗಾರನೂ ವಯಸ್ಸೂ

ವಯಸ್ಸಾದಂತೆ ಓಟಗಾರನು ಕಠಿಣ ಸಾಧನೆಯನ್ನು ಎಂದು ಬಿಡಬೇಕು? ಹುಟ್ಟಿದ ವರ್ಷವನ್ನು ಲೆಕ್ಕಹಾಕಿ ಇದನ್ನು ನಿರ್ಣಯಿಸಲಾಗದೆಂದು ನನ್ನ ಅಭಿಪ್ರಾಯ. ಮೂವತ್ತು ದಾಟಿದ ಮೇಲೆ ಹೃದಯದ ಗರಿಷ್ಠ ಬಡಿತವೂ ಆಮ್ಲಜನಕವನ್ನು ಬಳಸುವ ಶಕ್ತಿಯೂ ಕ್ರಮೇಣ ಕುಗ್ಗುತ್ತವೆ. ದಣಿದ ಸ್ನಾಯುಗಳು ಚೇತರಿಸಿಕೊಳ್ಳಲು ಹೆಚ್ಚು ದಿನ ಹಿಡಿಯುತ್ತದೆ. ಈ ಚೇತರಿಕೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂದು ನಾನು ಹೇಳುತ್ತೇನೆ. ವೇಗದ ಓಟದ ನೋವು ಎರಡು ಮೂರು ದಿನಗಳಲ್ಲಿ ಮಾಯದಿದ್ದರೆ ಅಂತಹ ಅಭ್ಯಾಸವನ್ನು ವಿರಳಗೊಳಿಸಬೇಕು; ಆಗಲೂ ಮಾಯದಿದ್ದರೆ ಬಿಡಬೇಕು. ಎದೆನೋವು ಕಂಡರೆ ಓಟವನ್ನು ಒಡನೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಕಠಿಣ ಸಾಧನೆ ಹೋದರೆ ಓಟವೇ ಹೋಯಿತೆಂದು ಹಲವರು ಮೈದಾನವನ್ನೇ ತೊರೆಯುತ್ತಾರೆ. ಕೆನಡಾದ ಎಡ್ ವಿಟ್ಲಾಕ್ ಅವರ ನಿತ್ಯಾಭ್ಯಾಸವು ಊರಿನ ಸ್ಮಶಾನದಲ್ಲಿ ನಿಧಾನವಾದ ದೀರ್ಘ ಓಟವಾಗಿತ್ತು. ಅವರು 2004ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, ಮ್ಯಾರಥಾನ್ ಓಟವನ್ನು ಮೂರು ಗಂಟೆಯೊಳಗೆ ಮುಗಿಸಿದರು.