ನಾನು ನೋಟ್‌ಪ್ಯಾಡ್‌ನಲ್ಲೇ ಯಾಕೆ ಬರೆಯುತ್ತೇನೆ?

ನಮ್ಮ ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಅಕೌಂಟೆನ್ಸಿ ಪುಸ್ತಕದಲ್ಲಿ ಇಂಗ್ಲಿಷ್. ಹಾಗಾಗಿ ನನ್ನ ನೋಟ್ಸಿನಲ್ಲಿ ಮೂರೂ ಭಾಷೆ ಬರುತ್ತವೆ. ಅಬ್ಬಾ ಅವರ ಅಂಗಡಿಯ ಉದ್ರಿ ಲೆಕ್ಕವನ್ನೂ ನಾನೇ ಕಂಪ್ಯೂಟರಿನಲ್ಲಿ ಬರೆದಿಡುತ್ತೇನೆ. ಇದಕ್ಕೆಲ್ಲ ಸಾದಾ ಟೆಕ್ಸ್ಟ್ ಎಡಿಟರ್ ಸಾಕು. ಅದರಲ್ಲಿ ಬಣ್ಣ, ದಪ್ಪಕ್ಷರ ಯಾವುದೂ ಸೇವ್ ಆಗುವುದಿಲ್ಲ, ಅಕ್ಷರ ಮಾತ್ರ ಸೇವ್ ಆಗುತ್ತದೆ. ಆ ಅಕ್ಷರ ನಾಳೆಯೂ ಓದಲು ಬರುತ್ತದೆಯೇ ಎಂದು ನೋಡಿಯೇ ನಾನು ಎಡಿಟರ್ ಆರಿಸುತ್ತೇನೆ.

ಹಿರಿಯ ವಿದ್ಯಾರ್ಥಿನಿಯೊಬ್ಬರು ಕೊಟ್ಟ ಬಿಸಿನೆಸ್ ಸ್ಟಡೀಸ್ ನೋಟ್ಸನ್ನು ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಚುಕ್ಕಿ, ಟೋಪಿ ಇರುವ ಇಂಗ್ಲಿಷ್ ಅಕ್ಷರಗಳು ಕಂಡವು. ಅದು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ರೂಪ ತೊಡಿಸುತ್ತಿದ್ದವು. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ನುಡಿ, ಬರಹ ತಂತ್ರಾಂಶಗಳಲ್ಲಿರುವ ಪರಿವರ್ತಕದಿಂದ ಇಂಥ ಕಡತವನ್ನು ಯೂನಿಕೋಡ್‌ಗೆ ತರಬಹುದು.

ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ, ಪ್ರತಿ ಉರ್ದು ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ಆ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಒಂದು ಕ್ರಮವೇ ಯುಟಿಎಫ್-8. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಉರ್ದುವಿಗೆ 2, ಕನ್ನಡಕ್ಕೆ 3 ಬೈಟ್ ಬೇಕು. ಅದೇ ಕಡತವನ್ನು ಆನ್ಸಿ ಕ್ರಮದಲ್ಲಿ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಫಾಂಟಿನ ತೊಂದರೆಯನ್ನು ಸರಿಪಡಿಸಬಹುದು, ಇದನ್ನು ಆಗುವುದಿಲ್ಲ. ಯಾರು ಎಷ್ಟು ಕೊಡಬೇಕು ಎನ್ನುವ ಪಟ್ಟಿಯಲ್ಲಿ ಹೆಸರೇ ಅಳಿಸಿಹೋದರೆ ಸಾಲ ವಸೂಲಿ ಮಾಡುವುದು ಯಾರಿಂದ?

ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ಹಿಂದೆ ಆನ್ಸಿಯೇ ತಾನಾಗಿ ಬರುತ್ತಿತ್ತು. 2019ರ ವಿಂಡೋಸ್ 10 ಅಪ್‌ಡೇಟಿನಿಂದ ಯುಟಿಎಫ್-8 ಬರುತ್ತಿದೆ. ಹಳೆಯ ಕಂಪ್ಯೂಟರಿನಲ್ಲಿ 'ಸೇವ್ ಆ್ಯಸ್' ಪೆಟ್ಟಿಗೆಯ ಕೆಳಗಿರುವ 'ಎನ್‌ಕೋಡಿಂಗ್' ನೋಡಿ ಬದಲಿಸಿಕೊಳ್ಳಬೇಕು.

ದಿನದ ಬರವಣಿಗೆಗೆ ನನಗೆ ನೋಟ್‌ಪ್ಯಾಡ್ ಇಷ್ಟ. ಥಟ್ಟನೆ ತೆರೆಯುತ್ತದೆ. ಉರ್ದು ಬರೆಯುವಾಗ ಮೌಸಿನ ಬಲಗುಂಡಿ ಒತ್ತಿ ಬಲದಿಂದ ಎಡಕ್ಕೆ ಓದುವ ಆಯ್ಕೆ ಮಾಡಿದರೆ ಸಾಲು ಸರಿಯಾಗಿ ಕೂರುತ್ತದೆ. ಉದ್ದದ ಪಟ್ಟಿಗಳಿಗೆ ಮಾತ್ರ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸುತ್ತೇನೆ. 2003ರಲ್ಲಿ ಬಂದ ಈ ಉಚಿತ ಎಡಿಟರ್‌ನಲ್ಲಿ ಸಾಲಿನ ಸಂಖ್ಯೆ ಕಾಣುತ್ತದೆ, ಹಲವು ಕಡತಗಳಲ್ಲಿ ಒಮ್ಮೆಗೇ ಹುಡುಕಬಹುದು, ಕಡತ ಯಾವ ಎನ್‌ಕೋಡಿಂಗ್‌ನಲ್ಲಿದೆ ಎಂದು ಕೆಳಗೇ ಬರೆದಿರುತ್ತದೆ. ಗೆಳೆಯರಿಗೆ ಅದರ ಕಪ್ಪು ಹಿನ್ನೆಲೆ ಇಷ್ಟ, ನನಗೆ ಬಿಳಿಯೇ ಇರಲಿ. ಅದು ಅವರವರ ರುಚಿ.

ನಿಮ್ಮ ಎಡಿಟರನ್ನು ನೀವೇ ಪರೀಕ್ಷಿಸಬಹುದು. ಹೊಸ ಕಡತದಲ್ಲಿ 'ನರಸೀಪುರ' ಎಂದಷ್ಟೇ ಬರೆದು ಯುಟಿಎಫ್-8ರಲ್ಲಿ ಸೇವ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಗಾತ್ರ ನೋಡಿ. ನಾಲ್ಕು ಮೂಲಾಕ್ಷರ, ಎರಡು ಸ್ವರಚಿಹ್ನೆ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ: ನ, ರ, ಸ, ಪ, ರ ಐದು, ದೀರ್ಘ ಮತ್ತು ಕೊಂಬು ಎರಡು, ಒಟ್ಟು 7. ಅಂದರೆ 21 ಬೈಟ್. ಮುಚ್ಚಿ ಮತ್ತೆ ತೆರೆದಾಗಲೂ ಊರಿನ ಹೆಸರು ಹಾಗೇ ಇದ್ದರೆ ಆ ಎಡಿಟರನ್ನು ಧೈರ್ಯವಾಗಿ ಬಳಸಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ