ಕಡುಬಿನೊಳಗೆ ಸಾರು

ಕಲ್ಯಾಣ ದಾಟಿ ಕಸಾರಾ ಕಡೆ ಹೊರಟ ಲೋಕಲ್ ರೈಲಿಗೆ ಮೊದಲು ಸಿಗುವ ನಿಲ್ದಾಣ ಶಹಾಡ್. ಸೆಂಚುರಿ ರೇಯಾನ್ ಕಾರ್ಖಾನೆ, ಬಿರ್ಲಾ ಮಂದಿರದ ವಿಠಲ ಈ ಊರಿನ ಗುರುತುಗಳು. ಇಲ್ಲಿಂದ ಡೊಂಬಿವಲಿ, ಠಾಣೆಯವರೆಗೂ ಚೈನೀಸ್ ಎಂದರೆ ಉರಿ ಜೋರು ಮಾಡಿದ ಬಾಣಲೆ, ಮಂಚೂರಿಯನ್, ಚೈನೀಸ್ ಭೇಳ್. ಇಡ್ಲಿಗೆ ಹೆಸರಾದ ಉಡುಪಿ ಹೋಟೆಲುಗಳ ಮೆನುವಿನಲ್ಲೂ ಅದಕ್ಕೊಂದು ಪುಟ ಮೀಸಲು.

ಈ ಮಂಚೂರಿಯನ್‌ಗೂ ಚೀನಾದ ಮಂಚೂರಿಯಾಕ್ಕೂ ಹೆಸರಿನ ನಂಟಷ್ಟೇ. 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್‌ನಲ್ಲಿ ಅದನ್ನು ಹುಟ್ಟಿಸಿದ ಶ್ರೇಯ ಕೋಲ್ಕತ್ತ ಮೂಲದ ನೆಲ್ಸನ್ ವಾಂಗ್ ಅವರಿಗೆ ಸಲ್ಲುತ್ತದೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಸೋಯಾ ಸಾಸ್: ಅರ್ಧ ಒಗ್ಗರಣೆ ನಮ್ಮದೇ!

ಚೀನೀಯರ ಕಡುಬು ಶ್ಯಾವ್‌ಲಾಂಗ್‌ಬಾವ್ ಇದರ ತದ್ವಿರುದ್ಧ. ಹುಟ್ಟೂರು ಶಾಂಘೈ ಬಳಿಯ ನಾನ್‌ಶಿಯಾಂಗ್. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಹಬೆಗೆ ಬೇಯುವುದರಿಂದ ಆ ಹೆಸರು. ನೋಡಲು ಉಕಡೀಚೆ ಮೋದಕದ ತಂಗಿಯಂತಿದೆ. ಒಳಗೆ ಮಾತ್ರ ಹೂರಣವಲ್ಲ, ಬಿಸಿ ಸಾರು.

ಸಾರು ಒಳಹೊಕ್ಕಿದ್ದು ಹೇಗೆ? ಹಂದಿಯ ಚರ್ಮ ಬೇಯಿಸಿದ ರಸ ತಣ್ಣಗಾದಾಗ ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಅದನ್ನು ಕೊಚ್ಚಿ ಮಾಂಸದೊಡನೆ ಬೆರೆಸಿ, ತೆಳು ಹಿಟ್ಟಿನ ಹಾಳೆಯಲ್ಲಿಟ್ಟು ನೆರಿಗೆ ಹಿಡಿಯುತ್ತಾರೆ. ಹಬೆ ತಾಗಿದಾಗ ಜೆಲ್ಲಿ ಕರಗಿ ಸಾರಾಗುತ್ತದೆ.

ಇದನ್ನು ಜಗತ್ತಿನ ಮೇಜಿಗೆ ತಂದದ್ದು ತೈಪೆಯ ದಿನ್ ತಾಯ್ ಫಂಗ್ ಹೋಟೆಲ್. 1958ರಲ್ಲಿ ಯಾಂಗ್ ಬಿಂಗ್-ಯಿ ಶುರುಮಾಡಿದ್ದು ಅಡುಗೆ ಎಣ್ಣೆಯ ಅಂಗಡಿ. ವ್ಯಾಪಾರ ಕುಸಿದಾಗ ಕೈಹಿಡಿದದ್ದು ಈ ಕಡುಬು. ಅಲ್ಲಿ ಪ್ರತಿಯೊಂದಕ್ಕೂ 18 ನೆರಿಗೆ.

ತಿನ್ನುವುದಕ್ಕೂ ತಾಳ್ಮೆ ಬೇಕು. ಇಡಿಯಾಗಿ ಬಾಯಿಗೆ ಹಾಕಿದರೆ ನಾಲಗೆ ಸುಟ್ಟಂತೆಯೇ. ಚಮಚದ ಮೇಲಿಟ್ಟು, ಸಣ್ಣ ತೂತು ಮಾಡಿ, ಸಾರನ್ನು ಮೊದಲು ಹೀರಬೇಕು. ಆಮೇಲೆ ಶುಂಠಿಯೆಳೆ, ಕಪ್ಪು ವಿನೆಗರ್.