ಎಸ್.ಪಿ. ರೋಡಿನಲ್ಲಿ ಕೆಂಕೆರೆಯ ಕಂಪ್ಯೂಟರಿಗೊಂದು ಪ್ರೊಸೆಸರ್

ಬೆಂಗಳೂರಿನ ಟೌನ್‌ಹಾಲ್, ಅವೆನ್ಯೂ ರಸ್ತೆ, ಕೆ.ಆರ್. ಮಾರುಕಟ್ಟೆಗಳ ನಡುವೆ ಸಿಕ್ಕಿಕೊಂಡಿರುವ ಎಸ್.ಪಿ. ರೋಡ್ ನಮ್ಮ ತೆಂಗಿನ ಸೀಮೆಯವರಿಗೆ ಹೊಸದೇನಲ್ಲ. ಮೋಟರು, ಬೇರಿಂಗು, ನಟ್ಟು-ಬೋಲ್ಟು ಹುಡುಕಿಕೊಂಡು ಬಂದವರೇ ಹೆಚ್ಚು. ಈ ಸಲ ನನ್ನ ಜೇಬಿನಲ್ಲಿದ್ದದ್ದು ಹುಳಿಯಾರು ಹೋಬಳಿ ಕೆಂಕೆರೆಯ ಮಾವನ ಮನೆಯ ಕಂಪ್ಯೂಟರಿನ ವಿವರವಿದ್ದ ಚೀಟಿ: ಎಚ್61 ಬೋರ್ಡು, ಐ3-2100 ಪ್ರೊಸೆಸರು, 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್. ಕೊಬ್ಬರಿ ಲೆಕ್ಕ, ನುಡಿ ತಂತ್ರಾಂಶದಲ್ಲಿ ಟೈಪಿಸುವ ಅರ್ಜಿ, ಮಕ್ಕಳ ಆನ್‌ಲೈನ್ ಪಾಠ, ಎಲ್ಲಕ್ಕೂ ಅದೇ ಯಂತ್ರ. ಅದಕ್ಕೊಂದು ವೇಗದ ಪ್ರೊಸೆಸರ್ ಹುಡುಕಬೇಕಿತ್ತು.

ರಸ್ತೆಯ ಮುಂಭಾಗದ ಮಳಿಗೆಗಳಲ್ಲಿ ಹೊಸ ಡಬ್ಬಗಳ ಗೋಡೆ. ಗಿಗಾಹರ್ಟ್ಸ್ ಎಷ್ಟು ಬೇಕು ಎಂದು ಯಾರೂ ಕೇಳಲಿಲ್ಲ. ಕೌಂಟರಿನ ಹುಡುಗ ಕೇಳಿದ್ದು ಒಂದೇ: “ಯಾವ ಸಾಕೆಟ್ಟು ಸಾರ್?”

ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಇಂಟೆಲ್ 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151, 2020ರಲ್ಲಿ 1200, 2021ರಲ್ಲಿ 1700 ಎಂದು ಬದಲಿಸುತ್ತಾ ಬಂತು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಆಗದು. ಸಂಖ್ಯೆ ಒಂದೇ ಇದ್ದರೂ ನಂಬುವಂತಿಲ್ಲ: 2017ರ ಎಂಟನೇ ತಲೆಮಾರಿನ ಚಿಪ್ಪು 1151ರ ಹಳೆಯ ಬೋರ್ಡುಗಳಲ್ಲಿ ನಡೆಯುವುದಿಲ್ಲ. ಎಎಂಡಿಯ ಎಎಂ4 ಈ ವಿಷಯದಲ್ಲಿ ಧಾರಾಳಿ. 2017ರ ಅನೇಕ ಬೋರ್ಡುಗಳು, ಅವುಗಳೊಳಗಿನ ಮೂಲ ತಂತ್ರಾಂಶವಾದ ಬಯೋಸ್ ನವೀಕರಿಸಿದರೆ, 2020ರ ರೈಜೆನ್ 5000 ಸರಣಿಯನ್ನೂ ಒಪ್ಪಿಕೊಳ್ಳುತ್ತವೆ.

ಮಾವನ ಬೋರ್ಡಿನದು 1155. ಅದರ ಕೊನೆಯ ಮೆಟ್ಟಿಲು 2012ರ ಮೂರನೇ ತಲೆಮಾರು. ಹೊಸದು ಅಂಗಡಿಯಲ್ಲಿ ಸಿಗುವ ಕಾಲ ಮುಗಿದಿದೆ. ಹಾಗಾಗಿ ಮುಂದಿನ ನಡಿಗೆ ಒಳಗಲ್ಲಿಗಳ ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ. ಇಲ್ಲಿ ಆಯ್ಕೆ ಎರಡು. ಐ5-3470ಗೆ ನಾಲ್ಕು ಕೋರು. ಐ7-3770ಗೆ ನಾಲ್ಕು ಕೋರು, ಎಂಟು ಥ್ರೆಡ್ಡು. ಎರಡೂ 77 ವ್ಯಾಟಿನವು, ಹಳೆಯ ಐ3 65 ವ್ಯಾಟಿನದು. ವಿಡಿಯೋ ಎಡಿಟಿಂಗ್ ಇಲ್ಲದ ಮನೆಗೆ ಐ7ರ ಹೆಚ್ಚುವರಿ ಹಣ ದಂಡ.

ಅಟ್ಟದ ಮೇಲಿನ ಕಾಯಿಯನ್ನು ಅಲುಗಿಸಿದರೆ ಒಳಗಿನ ಉಂಡೆ ಕೊಬ್ಬರಿ ಸದ್ದು ಮಾಡಿ ತಾನು ಸಿದ್ಧ ಎಂದು ಹೇಳುತ್ತದೆ. ಪ್ರೊಸೆಸರ್ ಹಾಗಲ್ಲ, ನೋಟಕ್ಕೆ ಕೆಟ್ಟದ್ದೂ ಒಂದೇ, ಒಳ್ಳೆಯದೂ ಒಂದೇ. ಅಲ್ಲೇ ಬೋರ್ಡಿಗೆ ಹಾಕಿಸಿ, ಆನ್ ಮಾಡಿಸಿ, ಪರದೆಯ ಮೇಲೆ ಹೆಸರು ಓದಿ, ಎಷ್ಟು ದಿನದೊಳಗೆ ಬದಲಿಸಿಕೊಡುತ್ತಾರೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.

ಕೊಳ್ಳುವ ಮೊದಲು ಊರಿನಲ್ಲೇ ಮುಗಿಸಬೇಕಾದ ಕೆಲಸವೂ ಇದೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಬೋರ್ಡಿನ ಮಾದರಿ, ಬಯೋಸ್ ಆವೃತ್ತಿ ಎರಡನ್ನೂ ತೋರಿಸುತ್ತದೆ. 2011ರ ಎಚ್61 ಬೋರ್ಡಿಗೆ ಮೂರನೇ ತಲೆಮಾರಿನ ಚಿಪ್ಪು ಹಾಕುವುದಾದರೆ, ಹಳೆಯ ಚಿಪ್ಪು ಇರುವಾಗಲೇ ಬಯೋಸ್ ನವೀಕರಿಸಬೇಕು. ಹೊಸ ಚಿಪ್ಪು ಹಾಕಿದ ಮೇಲೆ ನವೀಕರಿಸಹೊರಟರೆ ಯಂತ್ರ ಎದ್ದೇಳುವುದೇ ಇಲ್ಲ. ಕರೆಂಟು ಕೈಕೊಡುವ ಹೊತ್ತಿನಲ್ಲಿ, ಯುಪಿಎಸ್ ಇಲ್ಲದೆ, ಈ ಕೆಲಸಕ್ಕೆ ಕೈಹಾಕಬಾರದು.

ರಿಪೇರಿ ಮೇಜಿನ ಮುಂದೆ ಕೂತಿದ್ದ ಹಿರಿಯರೊಬ್ಬರು ಚೀಟಿ ನೋಡಿ, “ಮೊದಲು ಎಸ್‌ಎಸ್‌ಡಿ ಹಾಕ್ಸಿ, ಪ್ರೊಸೆಸರ್ ಆಮೇಲೆ” ಅಂದರು. ಲೆಕ್ಕ ಸರಿಯಾಗಿತ್ತು. ಎಚ್61ರಲ್ಲಿ ಡಿಸ್ಕ್ ಜೋಡಿಸುವ ಸಾಟಾ ಸಂಪರ್ಕದ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ. ಆದರೂ ಹಾರ್ಡ್‌ಡಿಸ್ಕಿಗಿಂತ ಎಸ್‌ಎಸ್‌ಡಿ ಎಷ್ಟೋ ಮುಂದೆ. ಯಂತ್ರ ಆನ್ ಆಗಲು ಹಿಡಿಯುವ ಹೊತ್ತಿನಲ್ಲಿ ಬಹುಪಾಲು ಡಿಸ್ಕಿನದು, ಪ್ರೊಸೆಸರಿನದಲ್ಲ. ರ‍್ಯಾಮ್ 8 ಜಿಬಿ ಆದರೆ ಬ್ರೌಸರಿನ ಗೋಳೂ ಇಳಿಯುತ್ತದೆ.

ಇಷ್ಟಾದರೂ ಒಂದು ಗೆರೆ ದಾಟಲಾಗದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಬೇಕು. ಈ ಬೋರ್ಡಿಗೆ ಯಾವ ಪ್ರೊಸೆಸರ್ ಹಾಕಿದರೂ ಅಲ್ಲಿಗೆ ಮುಟ್ಟದು. ಲಿನಕ್ಸ್ ಹಾಕಿಕೊಂಡರೆ ಇನ್ನಷ್ಟು ವರ್ಷ ದುಡಿಸಬಹುದು.

ಹಾಗಾಗಿ ಎಸ್‌ಎಸ್‌ಡಿ, 4 ಜಿಬಿಯ ಇನ್ನೊಂದು ಡಿಡಿಆರ್3 ರ‍್ಯಾಮು ಕೊಂಡೆ. ಐ5 ಕೊಳ್ಳಲಿಲ್ಲ. ಮುಂದೊಂದು ದಿನ ಬೋರ್ಡೇ ಬದಲಾಗುವಾಗ ಈ ಎಸ್‌ಎಸ್‌ಡಿ ಹೊಸ ಯಂತ್ರಕ್ಕೂ ಹೋಗುತ್ತದೆ, 1155ರ ಪ್ರೊಸೆಸರ್ ಹೋಗುವುದಿಲ್ಲ.